ಕಾಂಕ್ರೀಟಿನ ಬಲ ಅಳೆಯುವುದು ಹೇಗೆ?

‘ಸ್ಟ್ರೆಸ್’ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ನಮ್ಮ ತಲೆಯ ಮೇಲಿನ ತಾರಸಿ ನಿಂತಿರುವುದು ಈ ಲೆಕ್ಕದ ಮೇಲೆಯೇ.

ಕಲ್ಲು, ಇಟ್ಟಿಗೆ, ಕಾಂಕ್ರೀಟ್ ಇವೆಲ್ಲ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತವೆ. ಎಳೆಯುವ ಬಲಕ್ಕೆ ಬೇಗ ಬಿರುಕು ಬಿಡುತ್ತವೆ. ವಿಜಯಪುರದ ಗೋಳಗುಮ್ಮಟವನ್ನು ನೋಡಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟದ ಭಾರವನ್ನು ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಹೊತ್ತು ಗೋಡೆಗಳಿಗೆ ಇಳಿಸುತ್ತವೆ. ಕಮಾನಿನಲ್ಲಿ ಕಲ್ಲು ಕಲ್ಲನ್ನು ಅದುಮುತ್ತದೆ. ಅದೇ ಅದರ ಶಕ್ತಿ.

ಚಪ್ಪಟೆ ತೊಲೆಯಲ್ಲಿ ಹಾಗಲ್ಲ. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ಮೇಲೆ ಭಾರ ಬಿದ್ದರೆ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ಮುಖ್ಯ ಕಬ್ಬಿಣದ ಸರಳುಗಳು ಕೆಳಗಿರಬೇಕು. ಗೋಡೆಯಿಂದ ಹೊರಚಾಚಿದ ಸಜ್ಜದಲ್ಲಿ ಎಳೆತ ಮೇಲ್ಭಾಗದಲ್ಲಿ. ಸರಳೂ ಮೇಲೆಯೇ ಇರಬೇಕು. ಕೆಲಸಗಾರರ ಕಾಲ್ತುಳಿತಕ್ಕೆ ಅದು ಕೆಳಗಿಳಿದರೆ ಸಜ್ಜ ಮುರಿದು ಬೀಳಬಹುದು.

ಇನ್ನು ಪರೀಕ್ಷೆ. ತಾರಸಿ ಹಾಕುವ ದಿನ ಅದೇ ಮಿಶ್ರಣದಿಂದ 150 ಮಿ.ಮೀ. ಅಳತೆಯ ಮೂರು ಕ್ಯೂಬ್‌ಗಳನ್ನು ಮಾಡುತ್ತಾರೆ. ಮರುದಿನ ಅಚ್ಚಿನಿಂದ ತೆಗೆದು ನೀರಿನಲ್ಲಿ ಇಟ್ಟು, 28ನೇ ದಿನ ಯಂತ್ರದಲ್ಲಿ ಒಡೆಯುವವರೆಗೆ ಅದುಮುತ್ತಾರೆ.

ಉದಾಹರಣೆಗೆ, ಕ್ಯೂಬ್‌ಗಳು 450, 540 ಮತ್ತು 585 ಕಿಲೋನ್ಯೂಟನ್‌ಗೆ ಒಡೆದವು ಎನ್ನೋಣ. ವಿಸ್ತೀರ್ಣ 150 × 150 = 22,500 ಚದರ ಮಿ.ಮೀ. ಭಾಗಿಸಿದರೆ ಚದರ ಮಿ.ಮೀ.ಗೆ 20, 24, 26 ನ್ಯೂಟನ್; ಸರಾಸರಿ 23.3. ಐಎಸ್ 456:2000 ಪ್ರಕಾರ ಯಾವ ಕ್ಯೂಬೂ ಸರಾಸರಿಗಿಂತ ಶೇ. 15ಕ್ಕೂ ಹೆಚ್ಚು ವ್ಯತ್ಯಾಸ ತೋರಬಾರದು. ಇಲ್ಲಿ ಆ ಮಿತಿ 19.8ರಿಂದ 26.8, ಮೂರೂ ಅದರೊಳಗಿವೆ. ‘ಎಂ 20’ ಎಂಬ ಹೆಸರಿನಲ್ಲಿರುವ 20, ಇದೇ 28 ದಿನಗಳ ಬಲವನ್ನು ಸೂಚಿಸುತ್ತದೆ.

ಆದರೆ ಕ್ಯೂಬ್ ಪಾಸಾದ ಮಾತ್ರಕ್ಕೆ ತಾರಸಿ ಪಾಸಾಗುವುದಿಲ್ಲ. ಸುರಿಯಲು ಸುಲಭವಾಗಲಿ ಎಂದು ಆಮೇಲೆ ನೀರು ಬೆರೆಸಿದರೆ, ಆ ನೀರು ಆರಿದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಬಲ ಕುಗ್ಗುತ್ತದೆ. ಗಟ್ಟಿಯಾದ ಮೇಲೆ ಸಾಕಷ್ಟು ದಿನ ನೀರುಣಿಸದಿದ್ದರೂ ಅಷ್ಟೇ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಬೇಕು.

ನಿಮ್ಮ ಮನೆಯ ಕೆಲಸ ನಡೆಯುತ್ತಿದ್ದರೆ ಮೇಸ್ತ್ರಿಯವರನ್ನು ಮೂರು ಪ್ರಶ್ನೆ ಕೇಳಿ: ನೀರು ಅಳೆದು ಹಾಕುತ್ತಿದ್ದೀರಾ? ಸಜ್ಜದ ಸರಳು ಮೇಲಿದೆಯೇ? ಕ್ಯೂರಿಂಗ್ ಎಷ್ಟು ದಿನ? ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೇಳಿದರೆ ತಿದ್ದುವುದು ಕಷ್ಟ.