ಬಟ್ಟೆಯೂ ಮನೆಯಾಗುತ್ತದೆ

ಮಕ್ಕಳೇ, ಬಟ್ಟೆ ಎಂದ ಕೂಡಲೇ ನಿಮಗೆ ಅಂಗಿ, ಲಂಗ, ಸೀರೆ ನೆನಪಾಗುತ್ತವೆ. ಗದ್ವಾಲ ಸೀರೆಯ ಹೆಸರು ದೂರದ ಊರುಗಳಲ್ಲೂ ಗೊತ್ತು. ಆದರೆ ಬಟ್ಟೆಯ ಕೆಲಸ ಮೈ ಮುಚ್ಚುವುದು ಮಾತ್ರವಲ್ಲ. ಅದು ಗೋಡೆಯಾಗಬಲ್ಲದು, ಚಾವಣಿಯೂ ಆಗಬಲ್ಲದು.

ಮಾನೋಪಾಡು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸೀಮೆಯಲ್ಲಿದೆ. ಈ ಸೀಮೆಗೆ ನಡಿಗಡ್ಡ ಎಂದು ಹೆಸರು. ಇಲ್ಲಿ ಕುರಿ ಕಾಯುವವರ ಹೆಗಲ ಮೇಲೆ ಕರಿಯ ಕಂಬಳಿ ಇರುತ್ತದೆ. ತೆಲುಗಿನಲ್ಲಿ ಇದನ್ನು ಗೊಂಗಡಿ ಎನ್ನುತ್ತಾರೆ. ಕುರಿಯ ಉಣ್ಣೆಯಲ್ಲಿ ಎಣ್ಣೆಯ ಅಂಶವಿದೆ. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಆದ್ದರಿಂದ ಮಳೆಯ ನೀರು ಬೇಗ ಒಳಗೆ ಇಳಿಯುವುದಿಲ್ಲ. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರೆ ಅದೇ ಕುರುಬನ ಪುಟ್ಟ ಮನೆ!

2009ರ ಅಕ್ಟೋಬರ್ ತಿಂಗಳಲ್ಲಿ ತುಂಗಭದ್ರೆಗೆ ದೊಡ್ಡ ಪ್ರವಾಹ ಬಂದಿತು. ಅಲಂಪುರ, ರಾಜೋಳಿ, ಕರ್ನೂಲು ಮೊದಲಾದ ಊರುಗಳಿಗೆ ನೀರು ನುಗ್ಗಿತು. ರಾಜೋಳಿ ನೇಕಾರರ ಊರು. ಅಲ್ಲಿ ಮನೆಗಳೊಂದಿಗೆ ಮಗ್ಗಗಳೂ ನೀರು ಪಾಲಾದವು. ಇಂತಹ ಸಮಯದಲ್ಲಿ ಮನೆ ಕಳೆದುಕೊಂಡವರಿಗೆ ಡೇರೆಯೇ ಆಸರೆ. ಟಾರ್ಪಾಲಿನ್ ಹಗುರ; ಮಡಚಿ ಒಯ್ಯಬಹುದು. ಹಿಂದೆ ದಪ್ಪ ಹತ್ತಿ ಬಟ್ಟೆಗೆ ಟಾರು ಬಳಿದು ಇದನ್ನು ಮಾಡುತ್ತಿದ್ದರು. ಈಗ ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯ್ದು, ಎರಡೂ ಕಡೆ ಪ್ಲಾಸ್ಟಿಕ್ ಪದರ ಹಚ್ಚುತ್ತಾರೆ. ಅದರಲ್ಲಿ ನೀರು ತೂರುವುದಿಲ್ಲ. ಆದರೆ ಗಾಳಿಯೂ ತೂರುವುದಿಲ್ಲ. ಅದಕ್ಕೇ ಮಧ್ಯಾಹ್ನ ಅದರೊಳಗೆ ಬಹಳ ಸೆಕೆ.

ಹಾಗಾದರೆ ಬಟ್ಟೆಯ ಚಾವಣಿಯ ಕೆಳಗೆ ತಂಪಾಗಿ ಇರಲು ಸಾಧ್ಯವೇ? ಸಾಧ್ಯ. ಸೌದಿ ಅರೇಬಿಯಾದ ಜೆಡ್ಡಾ ವಿಮಾನ ನಿಲ್ದಾಣದಲ್ಲಿ ಹಜ್ ಯಾತ್ರಿಕರಿಗಾಗಿ 1981ರಲ್ಲಿ ಬಟ್ಟೆಯ ಚಾವಣಿಯನ್ನು ಕಟ್ಟಿದರು. ಅದರಲ್ಲಿ 210 ಬಿಳಿ ಡೇರೆಗಳಿವೆ. ಗಾಜಿನ ನೂಲಿನಿಂದ ನೇಯ್ದ ಆ ಬಟ್ಟೆಗೆ ಟೆಫ್ಲಾನ್ ಲೇಪನವಿದೆ. ಬಿಳಿ ಬಣ್ಣವು ಬಿಸಿಲಿನ ಹೆಚ್ಚು ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಬಿಸಿ ಗಾಳಿ ಮೇಲೇರಿ ಡೇರೆಯ ತುದಿಯ ಕಿಂಡಿಯಿಂದ ಹೊರಗೆ ಹೋಗುತ್ತದೆ.

ನಮ್ಮ ಸುತ್ತಲೂ ಇಂತಹ ಬಟ್ಟೆಗಳಿವೆ. ಸಸಿಗಳ ಮೇಲಿನ ಹಸಿರು ಬಲೆ ಅರ್ಧ ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತದೆ. ಬಾಗಿಲಿನ ಒದ್ದೆ ಪರದೆ ಒಣಗುತ್ತಾ ಬಿಸಿ ಗಾಳಿಯನ್ನು ತಂಪು ಮಾಡುತ್ತದೆ. ಸೊಳ್ಳೆ ಪರದೆ ಸೊಳ್ಳೆಯನ್ನು ತಡೆಯುತ್ತದೆ. ಚಿತ್ರಮಂದಿರದ ಗೋಡೆಯ ಬಟ್ಟೆ ಮಾರ್ದನಿಯನ್ನು ತಗ್ಗಿಸುತ್ತದೆ. ಏನನ್ನು ತಡೆಯಬೇಕು, ಏನನ್ನು ಬಿಡಬೇಕು ಎಂದು ತಿಳಿದು ಬಟ್ಟೆಯನ್ನು ಆರಿಸಬೇಕು.

ಪದಗಳ ಅರ್ಥ
ಆಸರೆ = ಆಶ್ರಯ
ಸೀಮೆ = ಪ್ರದೇಶ
ಮಾರ್ದನಿ = ಪ್ರತಿಧ್ವನಿ

ಅಭ್ಯಾಸ
1. ಕಂಬಳಿಯೊಳಗೆ ಮಳೆಯ ನೀರು ಬೇಗ ಇಳಿಯುವುದಿಲ್ಲ. ಏಕೆ?
2. ಟಾರ್ಪಾಲಿನ್ ಡೇರೆಯಿಂದ ಆಗುವ ಒಂದು ಅನುಕೂಲ, ಒಂದು ತೊಂದರೆ ಬರೆಯಿರಿ.
3. ಮಾಡಿ ನೋಡಿ: ಮೂರು ಬಟ್ಟಲುಗಳ ಬಾಯಿಗೆ ಹತ್ತಿ ಬಟ್ಟೆ, ಕಂಬಳಿ ತುಂಡು, ಟಾರ್ಪಾಲಿನ್ ತುಂಡು ಕಟ್ಟಿ. ಒಂದೊಂದು ಚಮಚ ನೀರು ಹಾಕಿ. ಯಾವುದರಲ್ಲಿ ನೀರು ಮೊದಲು ಇಳಿಯಿತು?