ಶುಂಠಿಯನ್ನು ಎರಡು ಸಲ ಹಾಕಿ
ಕ್ರಿಸ್‌ಮಸ್ ಜಿಂಜರ್ ವೈನ್‌ಗೆ ಘಮ ಉಳಿಸುವ ಲೆಕ್ಕ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಬೆನ್ಸನ್ ಟೌನ್, ಫ್ರೇಜರ್ ಟೌನ್, ಕುಕ್ ಟೌನ್ ಕಡೆಯ ಕ್ರೈಸ್ತ ಮನೆಗಳಲ್ಲಿ ಪ್ಲಮ್ ಕೇಕು, ಕಲ್‌ಕಲ್, ರೋಸ್ ಕುಕೀಗಳ ಜೊತೆ ಜಿಂಜರ್ ವೈನ್ ಕೂಡ ತಯಾರಾಗುತ್ತದೆ. ಆಂಗ್ಲೋ ಇಂಡಿಯನ್ನರಿಂದ ದಂಡು ಪ್ರದೇಶದಲ್ಲಿ ನೆಲೆಯೂರಿದ ಈ ಪಾನೀಯದಲ್ಲಿ ಅಮಲಿನ ಅಂಶವಿಲ್ಲ. ಶುಂಠಿ, ಒಣಮೆಣಸು, ಚಕ್ಕೆ, ಲವಂಗ, ಸಕ್ಕರೆ, ನಿಂಬೆ, ಅಷ್ಟೇ. ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿಬಿಡುತ್ತಾರೆ. ಗಂಟಲು ಸುಡುವಷ್ಟು ಖಾರವೇನೋ ಬರುತ್ತದೆ, ಹಸಿಶುಂಠಿಯ ಘಮ ಮಾತ್ರ ಬಾಟಲಿ ಸೇರುವುದಿಲ್ಲ. ಹೆಚ್ಚು ಶುಂಠಿ ಸುರಿದರೂ ಇದು ಸರಿಹೋಗದು, ಅದನ್ನು ಯಾವಾಗ ಹಾಕುತ್ತೀರಿ ಎಂಬುದನ್ನು ಬದಲಿಸಬೇಕು.

ಶುಂಠಿಯ ಖಾರ ಮತ್ತು ಘಮ ಬೇರೆ ಬೇರೆ ವಸ್ತುಗಳಿಂದ ಬರುತ್ತವೆ. ಖಾರಕ್ಕೆ ಕಾರಣವಾದ ಜಿಂಜೆರಾಲ್ ಸುಲಭಕ್ಕೆ ಆವಿಯಾಗುವುದಿಲ್ಲ. ಕುದಿಸಿದಷ್ಟೂ ನೀರಿಗಿಳಿಯುತ್ತದೆ, ಕಾವಿಗೆ ಅದರ ಒಂದು ಪಾಲು ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಒಣಶುಂಠಿ ಹಸಿಶುಂಠಿಗಿಂತ ಚುರುಕಾಗಿರುವುದಕ್ಕೂ ಇದೇ ಕಾರಣ. ಘಮದ ಎಣ್ಣೆಗಳ ಸ್ವಭಾವ ಹಾಗಲ್ಲ. ನಿಂಬೆ ಸಿಪ್ಪೆಯ ಲಿಮೋನೀನ್ 176 ಡಿಗ್ರಿಯಲ್ಲಿ ಕುದಿಯುವಂಥದ್ದು, ಆದರೂ ನೀರಿನ ಹಬೆ ಅದನ್ನು ಅದಕ್ಕೂ ಮೊದಲೇ ಹೊತ್ತೊಯ್ಯುತ್ತದೆ. ನೀಲಗಿರಿ ಎಲೆಯಿಂದ ಎಣ್ಣೆ ತೆಗೆಯುವುದೂ ಹೀಗೆ ಹಬೆ ಹಾಯಿಸಿಯೇ. ಮನೆತುಂಬ ಶುಂಠಿ ಘಮ್ಮೆಂದರೆ ಬಾಟಲಿಗೆ ಹೋಗಬೇಕಾದದ್ದು ಗಾಳಿಗೆ ಹೋಯಿತು ಎಂದೇ ಲೆಕ್ಕ.

ಬಿಯರ್ ತಯಾರಕರು ಇದನ್ನು ಚೆನ್ನಾಗಿ ಬಲ್ಲರು. ಇಂದಿರಾನಗರದಲ್ಲಿ 2010ರಲ್ಲಿ ಅಲ್ಲೇ ಬಿಯರ್ ತಯಾರಿಸುವ ಟಾಯ್ಟ್ ಪಬ್ ತೆರೆದ ಮೇಲೆ ಬೆಂಗಳೂರಿಗರ ಬಾಯಲ್ಲಿ ಪೇಲ್ ಏಲ್ ಎಂಬ ಬಿಯರಿನ ಹೆಸರು ಹೊಸದೇನಲ್ಲ. ಅದರ ಕಹಿಗಾಗಿ ಹಾಪ್ಸ್ ಹೂವನ್ನು ಸುಮಾರು ಒಂದು ಗಂಟೆ ಕುದಿಸುತ್ತಾರೆ, ಏಕೆಂದರೆ ಹೂವಿನ ಆಮ್ಲಗಳು ಕಾವಿನಲ್ಲಿ ರೂಪ ಬದಲಿಸಿದರೇ ಕಹಿ ಬಿಡುವುದು. ಪರಿಮಳಕ್ಕೆ ಹಾಕುವ ಹಾಪ್ಸ್ ಕೊನೆಯ ಐದು ಹತ್ತು ನಿಮಿಷಕ್ಕೆ ಬೀಳುತ್ತದೆ, ಇಲ್ಲವೇ ಉರಿ ಆರಿಸಿ ಕಾವು 80 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ. ನಮ್ಮ ಅಡುಗೆಯಲ್ಲೂ ಸಾರನ್ನು ಇಳಿಸಿದ ಮೇಲಲ್ಲವೇ ಕೊತ್ತಂಬರಿ ಸೊಪ್ಪು ಹಾಕುವುದು?

ಈಗ ಪಾಕಕ್ಕೆ ಬರೋಣ. 2 ಲೀಟರ್ ನೀರಿಗೆ 300 ಗ್ರಾಂ ಶುಂಠಿ ಬೇಕು. ಶಿವಾಜಿನಗರದ ರಸಲ್ ಮಾರ್ಕೆಟ್‌ನಲ್ಲಿ ಕೊಳ್ಳುವಾಗ ಮುರಿದು ನೋಡಿ: ಟಕ್ಕೆಂದು ಮುರಿದು ರಸ ಜಿನುಗಿದರೆ ಸರಿ, ನಾರು ಎಳೆದುಕೊಂಡು ಬಂದರೆ ಬೇಡ. ಅದರಲ್ಲಿ 200 ಗ್ರಾಂ ಜಜ್ಜಿ, ನಾಲ್ಕು ಒಣಮೆಣಸು ಮತ್ತು ಒಂದು ತುಂಡು ಚಕ್ಕೆಯ ಜೊತೆ ಸಣ್ಣ ಉರಿಯಲ್ಲಿ ಕುದಿಸಿ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಮಂಗಳೂರಿನ ಪಾಕ 25 ನಿಮಿಷ ಎಂದರೆ ಇಲ್ಲಿ 30 ಕೊಡಿ. ಕೊನೆಯ 10 ನಿಮಿಷ ಇದೆ ಎನ್ನುವಾಗ ಆರು ಲವಂಗ ಬೀಳಲಿ. ಲವಂಗದೆಣ್ಣೆ ಅಷ್ಟು ಬೇಗ ಹಾರಿಹೋಗುವುದಿಲ್ಲ ನಿಜ, ಆದರೆ ಹೆಚ್ಚು ಹೊತ್ತು ಕುದಿದರೆ ಒಗರು ಬಿಡುತ್ತದೆ. ಆಮೇಲೆ 700 ಗ್ರಾಂ ಸಕ್ಕರೆ ಹಾಕಿ ಕರಗಿಸಿ. ಬಣ್ಣಕ್ಕೆಂದು ಆ ಸಕ್ಕರೆಯಲ್ಲೇ ನಾಲ್ಕು ಚಮಚ ಮೊದಲೇ ತೆಗೆದಿಟ್ಟು ಕಂದಾಗುವವರೆಗೆ ಸುಟ್ಟು ಬೆರೆಸಬಹುದು. ಉರಿ ಆರಿಸಿ, ಮುಚ್ಚಳ ತೆಗೆದಿಟ್ಟು ಕಾವು 80 ಡಿಗ್ರಿಗೆ ಇಳಿಯಲು ಬಿಡಿ. ಥರ್ಮಾಮೀಟರ್ ಇಲ್ಲದಿದ್ದರೆ ಹತ್ತು ಹನ್ನೆರಡು ನಿಮಿಷ ಸಾಕು. ಆಗ ಉಳಿದ 100 ಗ್ರಾಂ ಶುಂಠಿಯನ್ನು ತೆಳ್ಳಗೆ ಹೆಚ್ಚಿ, ಮೂರು ನಿಂಬೆಯ ಹೊರಸಿಪ್ಪೆಯನ್ನಷ್ಟೇ ತುರಿದು ಹಾಕಿ, ಬಿಗಿಯಾಗಿ ಮುಚ್ಚಿ 20 ನಿಮಿಷ ಬಿಡಿ. ಸಿಪ್ಪೆಯ ಬಿಳಿ ಭಾಗ ಸೇರಿದರೆ ಕಹಿಯಾಗುತ್ತದೆ. ಮುಚ್ಚಳದ ಒಳಗೆ ಕಟ್ಟಿದ ಹನಿಗಳನ್ನು ಒರೆಸಬೇಡಿ, ಪಾತ್ರೆಗೇ ಕೊಡವಿ. ಘಮದ ಎಣ್ಣೆ ಇರುವುದು ಆ ಹನಿಗಳಲ್ಲಿ. ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿದ ಮೇಲೆ ಆರು ನಿಂಬೆಯ ರಸ ಹಿಂಡಿ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಶುಂಠಿಯ ಪಿಷ್ಟ ತಳಕ್ಕೆ ಕೂರುತ್ತದೆ, ಮೇಲಿನದನ್ನು ಬಗ್ಗಿಸಿಕೊಳ್ಳಿ. ಸ್ವಲ್ಪ ಮೋಡಮೋಡವಾಗಿದ್ದರೂ ಅಡ್ಡಿಯಿಲ್ಲ.

ಅಜ್ಜಿಯ ಕಾಲದಿಂದ ಒಟ್ಟಿಗೇ ಕುದಿಸಿದ್ದೇವೆ, ಚೆನ್ನಾಗೇ ಬಂದಿದೆಯಲ್ಲ ಎನ್ನುವವರಿದ್ದಾರೆ. ಬಂದಿರಬಹುದು. ಸುಟ್ಟ ಸಕ್ಕರೆ, ಲವಂಗ ಮುಂದಿರುವ ರುಚಿ ಬೇಕಾದವರಿಗೆ ಆ ಕ್ರಮ ತಪ್ಪೇನಲ್ಲ. ಕುದಿಸದೆ ಹಾಕಿದ ಶುಂಠಿಯಿಂದ ಬೇಗ ಕೆಡುವುದಿಲ್ಲವೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 80 ಡಿಗ್ರಿ ಹತ್ತಿರದ ಕಾವಿನಲ್ಲಿ 20 ನಿಮಿಷ ಕೂತರೆ ಬಹುತೇಕ ಸೂಕ್ಷ್ಮಾಣುಗಳು ಸಾಯುತ್ತವೆ, ನಿಂಬೆಯ ಹುಳಿಯೂ ನೆರವಿಗೆ ಬರುತ್ತದೆ. ಆದರೆ ಇಷ್ಟು ಸಕ್ಕರೆ ಜಾಮಿನಂತೆ ಕಾಪಾಡದು. ಶುಂಠಿ, ನಿಂಬೆಯನ್ನು ಚೆನ್ನಾಗಿ ತೊಳೆದಿರಬೇಕು, ಬಾಟಲಿ ಬಿಸಿನೀರಲ್ಲಿ ಕುದಿಸಿದ್ದಾಗಿರಬೇಕು, ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸಬೇಕು. ಯೀಸ್ಟ್ ಹಾಕಿ ನಿಜವಾದ ವೈನ್ ಮಾಡಿದರೇನು ಎಂದರೆ, ಬೇಡ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಮೇಲಾಗಿ, ಬಿರಡೆ ಬಿಗಿದ ಗಾಜಿನ ಬಾಟಲಿಯೊಳಗೆ ಹುದುಗು ಮುಂದುವರಿದರೆ ಒತ್ತಡಕ್ಕೆ ಬಾಟಲಿಯೇ ಸಿಡಿಯಬಹುದು.

ಕುಡಿಯಲು ಕೊಡುವಾಗ ಇದಕ್ಕೆ ಸಮಪಾಲು ತಣ್ಣೀರು ಅಥವಾ ಸೋಡಾ ಬೆರೆಸಿ. ಸೋಡಾ ಬೆರೆಸಿದರೆ ಗುಳ್ಳೆಯೊಂದಿಗೆ ಘಮ ಬೇಗ ಮೇಲೇಳುತ್ತದೆ, ಹಾಗಾಗಿ ಅತಿಥಿಗಳು ಕೂತ ಮೇಲೆಯೇ ಬೆರೆಸುವುದು ವಾಸಿ.