ಷರ್ಟು ಮತ್ತು ಟೀ ಷರ್ಟು: ಸುಂಕಪಟ್ಟಿ ಕಾಣುವ ವ್ಯತ್ಯಾಸ

ಕಾಲರ್ ಹಾಗೂ ಎರಡು ಮೂರು ಗುಂಡಿಗಳಿರುವ ಹೊಸೈರಿ ಉಡುಪನ್ನು ನಾವೆಲ್ಲರೂ ‘ಕಾಲರ್ ಟೀ ಷರ್ಟು’ ಎಂದೇ ಕರೆಯುತ್ತೇವೆ. ಅಂಗಡಿಯಲ್ಲಿ ಈ ಹೆಸರಿನಿಂದ ಯಾವ ತೊಂದರೆಯೂ ಇಲ್ಲ. ಆದರೆ ಸುಂಕಪಟ್ಟಿಯ ಭಾಷೆಯಲ್ಲಿ ಕಾಲರ್ ಇರುವ ಟೀ ಷರ್ಟು ಎಂಬ ವಸ್ತುವೇ ಇರುವುದಿಲ್ಲ. ನಾನು ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ತಯಾರಕರೊಬ್ಬರು ಇದನ್ನು ನಷ್ಟದ ಮೂಲಕ ತಿಳಿಯಬೇಕಾಯಿತು.

ಅವರು ಅಮೆರಿಕಕ್ಕೆ ಕಳುಹಿಸಿದ ಗಂಡಸರ ಹತ್ತಿಯ ಪೋಲೋ ಉಡುಪುಗಳಿಗೆ ಬೀಜಕದಲ್ಲಿ ‘ಟೀ ಷರ್ಟು, 6109’ ಎಂದು ಬರೆದಿದ್ದರು. ಅಲ್ಲಿಯ ಸುಂಕಾಧಿಕಾರಿಗಳು ಅದನ್ನು 6105ಕ್ಕೆ, ಅಂದರೆ ಷರ್ಟಿನ ಶೀರ್ಷಿಕೆಗೆ, ಬದಲಾಯಿಸಿದರು. ಅಮೆರಿಕದಲ್ಲಿ ಹತ್ತಿಯ ಟೀ ಷರ್ಟಿಗೆ ಮೂಲ ಸುಂಕ ಶೇ. 16.5, ಹೆಣಿಗೆಯ ಹತ್ತಿ ಷರ್ಟಿಗೆ ಶೇ. 19.7. ಕಾಲಕಾಲಕ್ಕೆ ವಿಧಿಸುವ ಹೆಚ್ಚುವರಿ ಸುಂಕಗಳು ಇದರ ಮೇಲಿನವು. ಒಂದು ಲಕ್ಷ ಡಾಲರ್ ಮೌಲ್ಯದ ಸರಕಿಗೆ ಮೂಲ ಸುಂಕವೊಂದರಲ್ಲೇ 3,200 ಡಾಲರ್ ವ್ಯತ್ಯಾಸ. ಖರೀದಿದಾರನು ಹೆಚ್ಚುವರಿ ತೆತ್ತ ಹಣವನ್ನು ಬಾಕಿ ಮೊತ್ತದಿಂದ ಮುರಿದುಕೊಂಡನು. ಬೀಜಕದಲ್ಲಿ ತಪ್ಪು ಬರೆದವರು ನಾವೇ ಆದುದರಿಂದ ವಾದಿಸಲು ಆಧಾರವೇ ಇರಲಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ವಿಶ್ವ ಕಸ್ಟಮ್ಸ್ ಸಂಘಟನೆಯ ವಿವರಣಾ ಟಿಪ್ಪಣಿಯ ಪ್ರಕಾರ ಟೀ ಷರ್ಟು ಎಂದರೆ ಬನಿಯನ್ ಮಾದರಿಯ, ಹತ್ತಿ ಅಥವಾ ಕೃತಕ ನೂಲಿನ ಹಗುರ ಹೆಣಿಗೆಯ ಉಡುಪು. ಕಾಲರ್ ಇರಬಾರದು, ಗುಂಡಿ ಮೊದಲಾದ ಬಂಧಗಳಿರಬಾರದು, ಕತ್ತಿನ ಬಳಿ ಸೀಳೂ ಇರಬಾರದು. ಕಿಸೆ ಇದ್ದರೆ ಅಡ್ಡಿಯಿಲ್ಲ. 6109ರ ಶೀರ್ಷಿಕೆಯಲ್ಲಿ ಟೀ ಷರ್ಟು ಬನಿಯನ್‌ಗಳ ಜೊತೆಯಲ್ಲೇ ಕುಳಿತಿರುವುದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ; ಮೂಲತಃ ಅದು ಒಳ ಉಡುಪೇ ತಾನೇ.

ಷರ್ಟಿನ ವ್ಯಾಖ್ಯೆ ಸುಂಕಪಟ್ಟಿಯ 61ನೇ ಅಧ್ಯಾಯದ ಟಿಪ್ಪಣಿಯಲ್ಲಿ ಸೇರಿದ್ದು 2022ರ ಪರಿಷ್ಕರಣೆಯಲ್ಲಿ. ಉದ್ದ ಅಥವಾ ಗಿಡ್ಡ ತೋಳು ಇರಬೇಕು. ಕತ್ತಿನಿಂದ ಆರಂಭವಾಗುವ ಪೂರ್ಣ ಅಥವಾ ಅರ್ಧ ಸೀಳು ಇರಬೇಕು. ಕಾಲರ್ ಇರಬಹುದು, ಇಲ್ಲದಿರಲೂಬಹುದು. ಇಲ್ಲಿಯೇ ಹಲವರು ಎಡವುತ್ತಾರೆ. ದುಂಡು ಕತ್ತಿನ, ಕಾಲರ್ ಇಲ್ಲದ, ಆದರೆ ಎದೆಯ ಮೇಲೆ ಗುಂಡಿಪಟ್ಟಿ ಇರುವ ಉಡುಪು ನೋಡಲು ಟೀ ಷರ್ಟಿನಂತಿದ್ದರೂ ಷರ್ಟೇ. ಅಂದರೆ ಮೊದಲು ನೋಡಬೇಕಾದದ್ದು ಕಾಲರನ್ನಲ್ಲ, ಸೀಳನ್ನು.

ಕೆಳ ಅಂಚಿನಲ್ಲಿ ಬಿಗಿಯುವ ರಿಬ್ ಪಟ್ಟಿ ಇದ್ದರೆ ಅದು ಎರಡೂ ಅಲ್ಲ. ಸೊಂಟದ ಕೆಳಗೆ ಕಿಸೆ ಇದ್ದರೆ, ಅಥವಾ ಒಂದು ಸೆಂಟಿಮೀಟರಿಗೆ ಸರಾಸರಿ ಹತ್ತು ಹೆಣಿಗೆಗಿಂತ ಕಡಿಮೆ ಇದ್ದರೆ, ಅದು ಷರ್ಟಿನ ಶೀರ್ಷಿಕೆಯಿಂದ ಹೊರಗೆ. ಹೆಂಗಸರ ಷರ್ಟು ಮತ್ತು ರವಿಕೆಗಳಿಗೆ 6106. ನೇಯ್ದ ಬಟ್ಟೆಯ ಷರ್ಟು 62ನೇ ಅಧ್ಯಾಯಕ್ಕೆ ಸೇರಿದ್ದು. ಆ ವಿಷಯ ಬೇರೆ.

ದೇಶದೊಳಗಿನ ಮಾರಾಟದಲ್ಲಿ ಈ ತಪ್ಪು ಬೆಳಕಿಗೇ ಬರುವುದಿಲ್ಲ. 22-9-2025ರಿಂದ ಒಂದಕ್ಕೆ 2,500 ರೂ.ವರೆಗಿನ ಉಡುಪಿಗೆ ಜಿ.ಎಸ್.ಟಿ. ಶೇ. 5, ಮೀರಿದರೆ ಶೇ. 18, ಷರ್ಟಾದರೂ ಟೀ ಷರ್ಟಾದರೂ ದರ ಒಂದೇ. ವರ್ಷಗಟ್ಟಲೆ ಬಳಸಿದ ಅದೇ ಸಂಖ್ಯೆಯನ್ನು ಮೊದಲ ರಫ್ತಿನ ಷಿಪ್ಪಿಂಗ್ ಬಿಲ್ಲಿಗೂ ಗುಮಾಸ್ತರು ಇಳಿಸಿಬಿಡುತ್ತಾರೆ. ಡ್ರಾಬ್ಯಾಕ್ ಸಹ ಸುಂಕದ ಶೀರ್ಷಿಕೆಯನ್ನೇ ಅನುಸರಿಸುತ್ತದೆ. ತಪ್ಪಾಗಿ ಹೆಚ್ಚು ಪಡೆದಿದ್ದರೆ ಕಸ್ಟಮ್ಸ್ ಕಾಯ್ದೆಯ 75ಎ ಕಲಮಿನಂತೆ ಬಡ್ಡಿ ಸಹಿತ ಮರಳಿಸಬೇಕಾಗುತ್ತದೆ.

ಆದ್ದರಿಂದ ಆದೇಶ ಒಪ್ಪಿಕೊಳ್ಳುವ ಮುನ್ನವೇ, ಬೆಲೆ ಹೇಳುವುದಕ್ಕೂ ಮೊದಲು, ಮಾದರಿ ಉಡುಪನ್ನು ಕಸ್ಟಮ್ಸ್ ಏಜೆಂಟರ ಮುಂದಿರಿಸಿ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಿರಿ. ಖರೀದಿದಾರನೂ ಅದೇ ಸಂಖ್ಯೆಯನ್ನು ಲಿಖಿತವಾಗಿ ಒಪ್ಪಲಿ. ಬೀಜಕದಲ್ಲಿ ಬರಿಯ ‘ಟೀ ಷರ್ಟು’ ಎನ್ನದೆ ‘ಗಂಡಸರ ಹೆಣಿಗೆಯ ಹತ್ತಿ ಷರ್ಟು, ಅರ್ಧ ಸೀಳು, ಕಾಲರ್ ಸಹಿತ’ ಎಂದು ಬರೆಯಿರಿ.